ಅಗ್ಗದ ಎಣ್ಣೆಯ ಋಣ

'ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ' ಎಂಬ ಗಾದೆ ನಮ್ಮಲ್ಲಿದೆ. ಬೇಕಾದದ್ದು ಕೈಗೆ ಬರುವ ಹೊತ್ತಿನಲ್ಲೇ ಎಚ್ಚರ ತಪ್ಪಿದವನನ್ನು ಕುರಿತು ಅದನ್ನು ಹೇಳುವುದು ವಾಡಿಕೆ. ಅದೇ ಮಾತನ್ನು ಇಲ್ಲಿ ನಾನು ಸ್ವಲ್ಪ ಬೇರೆ ಅರ್ಥದಲ್ಲಿ ಬಳಸಿಕೊಳ್ಳುತ್ತೇನೆ, ಓದುಗರು ಒಪ್ಪಿಕೊಳ್ಳಬೇಕು. ಇಂದು ನಮ್ಮ ದೇಶದ ಅಡುಗೆಮನೆಗಳಲ್ಲಿ ಕಾಯುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದು ಸಮುದ್ರ ದಾಟಿ ಬಂದದ್ದು. ಹಾಗೆ ಬಂದದ್ದರಲ್ಲಿ ದೊಡ್ಡ ಪಾಲು ತಾಳೆಯ ಎಣ್ಣೆ. 2022–23ರ ಒಂದೇ ವರ್ಷದಲ್ಲಿ 90 ಲಕ್ಷ ಟನ್ನಿಗೂ ಮೀರಿದ ತಾಳೆ ಎಣ್ಣೆ ಭಾರತಕ್ಕೆ ಬಂತು. ಅದು ಬರುತ್ತದೆ, ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ. ಎಲ್ಲಿ ಬೆಳೆಯಿತು, ಯಾರು ಕೊಯ್ದರು, ಯಾರು ಊರು ಬಿಟ್ಟರು ಎಂಬುದು ಪಾಕೀಟಿನ ಮೇಲೆ ಬರೆದಿರುವುದಿಲ್ಲ. ಬರೆದಿರುವುದು ಬೆಲೆ ಮಾತ್ರ.

ಈ ಬೆಲೆಯೇ ನನ್ನ ಪ್ರಶ್ನೆಗೆ ಮೂಲ. ಒಂದು ಪದಾರ್ಥ ಅಗ್ಗವಾಗಿದೆ ಎಂದರೆ ಅದನ್ನು ಮಾಡಲು ನಿಜವಾಗಿ ಕಡಮೆ ಖರ್ಚು ತಗುಲಿರಬಹುದು. ಇಲ್ಲವೆ, ಖರ್ಚಿನ ಒಂದು ಭಾಗವನ್ನು ನನಗೆ ಗುರುತಿಲ್ಲದ ಇನ್ನೊಬ್ಬರು ತೆತ್ತಿರಬಹುದು. ಎರಡನೆಯದು ನಿಜವಾದರೆ ಆ ಇನ್ನೊಬ್ಬರಿಗೆ ನಾನು ಏನನ್ನಾದರೂ ಸಲ್ಲಿಸಬೇಕೆ? ದುಡ್ಡು ಕೊಟ್ಟು ಕೊಂಡ ಮೇಲೆ ಲೆಕ್ಕ ಮುಗಿಯಿತೆ, ಉಳಿಯಿತೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಮಿಡಿಗೇಶಿಯ ಕಡೆಯಿಂದ ಬಂದದ್ದು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಬೋಳು ಬಂಡೆಯ ಬೆಟ್ಟದ ಮೇಲೆ ಹಳೆಯ ಕೋಟೆಯನ್ನು ಹೊತ್ತುಕೊಂಡು ನಿಂತಿರುವ ಊರು ಅದು. ಹಿಮ್ಮಡಿ ಮುಟ್ಟುವಷ್ಟು ಉದ್ದ ಕೇಶವಿದ್ದ ರಾಣಿಯೊಬ್ಬಳಿಂದ ಊರಿಗೆ ಆ ಹೆಸರು ಬಂತೆಂದು ಕಥೆ ಹೇಳುತ್ತಾರೆ. ಅಷ್ಟು ಕೂದಲಿಗೆ ಎಷ್ಟು ಎಣ್ಣೆ ಬೇಕಾಗಿತ್ತೋ ಎಂದು ಆ ಸೀಮೆಯ ಹೆಂಗಸರು ನಗೆಯಾಡುವುದೂ ಉಂಟು. ಏನೇ ಇರಲಿ, ಎಣ್ಣೆಗೆ ಅಲ್ಲಿ ಬರವಿರಲಿಲ್ಲ; ಬರವಿದ್ದದ್ದು ನೀರಿಗೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಬಹುಭಾಗ ಮಳೆಯನ್ನೇ ನಂಬಿದ ಕೆಂಪು ನೆಲ. ಒಳ್ಳೆಯ ವರ್ಷದಲ್ಲೂ ಆಕಾಶ ಧಾರಾಳಿಯಲ್ಲ. ಇಂಥ ನೆಲದಲ್ಲಿ ಹಿಂದಿನವರು ಹರಳು, ಎಳ್ಳು, ಹುಚ್ಚೆಳ್ಳು ಬೆಳೆದರು; ದೀಪಕ್ಕೆ ಹೊಂಗೆಯ ಬೀಜವನ್ನು ಆಯ್ದರು. ಹೀಗೆ ತಲೆಗೆ ಒಂದು ಎಣ್ಣೆ, ಒಗ್ಗರಣೆಗೆ ಒಂದು, ದೀಪಕ್ಕೆ ಇನ್ನೊಂದು. ಊರ ಗಾಣದಲ್ಲಿ ಎತ್ತು ಸುತ್ತುತ್ತಿತ್ತು. ಎಣ್ಣೆ ಮನೆಗೆ ಬಂದರೆ ಹಿಂಡಿ ಕೊಟ್ಟಿಗೆಗೆ ಹೋಗುತ್ತಿತ್ತು.

ಆಮೇಲೆ ಕಡಲೆಕಾಯಿ ಬಂತು. ತಿಂಡಿವನದ ಸಂಶೋಧನಾ ಕ್ಷೇತ್ರದಿಂದ 1940ರಲ್ಲಿ ಹೊರಬಂದ 'ಟಿಎಂವಿ-2' ಎಂಬ ತಳಿ ಅನಂತಪುರ, ಪಾವಗಡದ ಸೀಮೆಗಳಲ್ಲಿ ತಲೆಮಾರುಗಳ ಕಾಲ ರೈತನ ಕೈಬಿಡದೆ ನಡೆದುಬಂದಿತು. ಪಕ್ಕದ ಚಳ್ಳಕೆರೆಯನ್ನು ಜನ ಎಣ್ಣೆಯ ಊರೆಂದೇ ಕರೆಯುವಷ್ಟು ಗಿರಣಿಗಳು ಎದ್ದವು. ಬೆಂಗಳೂರಿನವರು ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಪರಿಷೆಗೆ ಹೋಗಿ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಾರಲ್ಲ, ಆ ಕಾಯಿಯ ಹಿಂದೆ ಇಂಥ ಒಣನೆಲದ ಒಂದು ಇಡೀ ವರ್ಷದ ಜೂಜು ಇರುತ್ತದೆ. ಎಕರೆಗೆ ನಲವತ್ತು ಐವತ್ತು ಕಿಲೋ ಬೀಜವನ್ನು ಮಣ್ಣಿಗೆ ಹಾಕಬೇಕು. ಅದೇ ಒಂದು ದೊಡ್ಡ ಖರ್ಚು. ಹೂ ಬಿಟ್ಟು, ಅದರ ಕಡ್ಡಿ ಬಾಗಿ ಮಣ್ಣಿಗಿಳಿಯುವ ಆ ಕೆಲವು ವಾರಗಳಲ್ಲಿ ನೆಲ ಹಸಿಯಾಗಿರಬೇಕು. ಆಗ ಮಳೆ ಬಂದರೆ ಬೆಳೆ. ಬಾರದಿದ್ದರೆ ಬಳ್ಳಿ ಮಾತ್ರ, ಅದೂ ದನಕ್ಕೆ.

ಈ ಸೀಮೆಯ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನವರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಇಂದಿಗೂ ಮುಂಗಾರಿನಲ್ಲಿ ಕಡಲೆಕಾಯಿ ಬಿತ್ತುವುದನ್ನು ಬಿಟ್ಟಿಲ್ಲ. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಅಡುಗೆಮನೆಯ ಗೂಡಿನಲ್ಲಿ ತಾಳೆ ಎಣ್ಣೆಯ ಪಾಕೀಟು ಕಂಡಿತು. ನಡುಮನೆಯಲ್ಲಿ ಆಗತಾನೆ ಬಿಡಿಸಿ ತುಂಬಿದ ಕಡಲೆಕಾಯಿ ಮೂಟೆಗಳು.

"ಇದೇನ್ ಮಾವ, ಮನೇಲಿ ಇಷ್ಟು ಕಡ್ಲೆಕಾಯಿ ಇಟ್ಕೊಂಡು ಅಂಗಡಿ ಎಣ್ಣೆ ತರಿಸ್ತೀರಲ್ಲ?" ಎಂದೆ.

"ಆ ಮೂಟೆ ತಿನ್ನಾಕಲ್ಲ ಕಣಪ್ಪ, ಸಾಲ ತೀರ್ಸಾಕೆ. ಒಂದು ಕಿಲೋ ಎಣ್ಣೆ ತೆಗೀಬೇಕಾದ್ರೆ ಎರಡೂವರೆ ಕಿಲೋ ಬೀಜ ಬೇಕು. ಆ ಬೀಜ ಮಾರಿದ್ರೆ ಈ ಪಾಕೀಟು ಒಂದಲ್ಲ, ಎರಡು ಬರ್ತವೆ. ಲೆಕ್ಕ ನೀನೇ ಹಾಕು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮನೇಲಿ ಯಾವ ಎಣ್ಣೆ?" ಎಂದು ಕೇಳಿದರು.

"ಸೂರ್ಯಕಾಂತಿ."

"ಅದೆಲ್ಲಿ ಬೆಳೀತಾರೆ?"

"ಬಹಳ ಮಟ್ಟಿಗೆ ಉಕ್ರೇನು, ರಷ್ಯದ ಕಡೆ."

"ಹಂಗಾದ್ರೆ ಇಬ್ರೂ ಒಂದೇ ದಾರೀಲಿದ್ದೀವಿ ಬಿಡು. ನಾನು ಗತಿ ಇಲ್ದೆ ತಿಂತೀನಿ, ನೀನು ಗತಿ ಇದ್ದು ತಿಂತೀಯ. ಅಷ್ಟೇ ಯತ್ವಾಸ" ಎಂದು ನಕ್ಕು, ಸಾರಿಗೆ ಕೈಚಾಚಿದರು.

ಬೆಳೆಯುವವನೇ ತನ್ನ ಬೆಳೆಯನ್ನು ತಿನ್ನಲಾರದೆ, ಅದಕ್ಕೆ ಪ್ರತಿಸ್ಪರ್ಧಿಯಾದ ಎಣ್ಣೆಯನ್ನು ಕೊಂಡು ತಿನ್ನುವುದು, ಹಾಗೆ ಕೊಳ್ಳುವುದರ ಮೂಲಕ ತನ್ನ ಬೆಳೆಯ ಬೆಲೆ ಇಳಿಯುವುದಕ್ಕೆ ತಾನೂ ಒಂದು ತೊಟ್ಟು ಕಾರಣನಾಗುವುದು ವಿಚಿತ್ರವಲ್ಲವೆ? ಆದರೆ ಆತ ಹಾಕಿದ ಲೆಕ್ಕದಲ್ಲಿ ತಪ್ಪಿಲ್ಲ. ಲೆಕ್ಕ ಸರಿಯಾಗಿದ್ದೂ ಫಲ ತಪ್ಪಾಗಿದ್ದರೆ, ಲೆಕ್ಕಕ್ಕೆ ಸಿಗದ ಯಾವುದೋ ಬಾಬ್ತು ಬೇರೆಲ್ಲೋ ಇರಬೇಕು. ಅದನ್ನು ಹುಡುಕಿಕೊಂಡು ಹೋದರೆ ದಾರಿ ಬಹು ದೂರಕ್ಕೆ ಒಯ್ಯುತ್ತದೆ.

ನಮ್ಮ ಹಿರಿಯರು ತಾಳೆಯೆಂದದ್ದು ಓಲೆಗರಿಯ ತಾಳೆಯನ್ನು. ಈ ಎಣ್ಣೆಯ ತಾಳೆ ಬೇರೆ. ಅದರ ತವರು ಪಶ್ಚಿಮ ಆಫ್ರಿಕ. ಅಲ್ಲಿನ ಹಳ್ಳಿಗರಿಗೆ ಅದರ ಕೆಂಪೆಣ್ಣೆ ನಮಗೆ ತುಪ್ಪವಿದ್ದಂತೆ. ಸಾವಿರಾರು ವರ್ಷಗಳಿಂದ ಅವರು ಅದನ್ನು ಉಂಡಿದ್ದಾರೆ. ಗುಲಾಮರನ್ನು ತುಂಬಿಕೊಂಡು ಅಟ್ಲಾಂಟಿಕ್ ದಾಟಿದ ಹಡಗುಗಳಲ್ಲಿ ಅದೂ ದಾಟಿತು. ದಾರಿಯಲ್ಲಿ ಸೆರೆಯಾಳುಗಳ ಆಹಾರಕ್ಕೆ ಅದನ್ನು ಬೆರೆಸುತ್ತಿದ್ದರು. ಕೆರಿಬಿಯನ್ ದ್ವೀಪಗಳ ಬಂದರು ಸಮೀಪಿಸಿದಾಗ ಬಳಲಿದ ಮೈಗಳಿಗೆ ಅದನ್ನೇ ಸವರಿ, ಹೊಳಪು ಬರಿಸಿ, ಹರಾಜಿಗೆ ನಿಲ್ಲಿಸುತ್ತಿದ್ದರು. ಅಭ್ಯಂಜನದ ಮಂಗಳವನ್ನು ಬಲ್ಲ ನಮ್ಮಂಥವರಿಗೆ ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಆ ದ್ವೀಪಗಳ ದಾಸರು ಬೆಳೆದದ್ದು ಕಬ್ಬು. ಹೊಲದಂಚಿನಲ್ಲಿ ಅಲ್ಲಲ್ಲಿ ಬೆಳೆದ ಆಫ್ರಿಕದ ಮರ ಅವರಿಗೆ ತವರಿನ ರುಚಿಯನ್ನು ನೆನಪಿಗೆ ತಂದಿರಬೇಕು.

1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಆಗ ಲಿವರ್‌ಪೂಲಿನ ಹಡಗುಗಳು ಅದೇ ಆಫ್ರಿಕದ ತೀರಕ್ಕೆ ಮನುಷ್ಯರ ಬದಲು ತಾಳೆ ಎಣ್ಣೆಯನ್ನು ತರಲು ಹೋದವು. ಸಾಬೂನಿಗೆ, ಮೇಣದ ಬತ್ತಿಗೆ, ಹೊಸದಾಗಿ ತಿರುಗತೊಡಗಿದ್ದ ಯಂತ್ರಗಳ ಕೀಲುಗಳಿಗೆ ಎಣ್ಣೆ ಬೇಕಾಗಿತ್ತು. ಇದಕ್ಕೆ ನ್ಯಾಯಸಮ್ಮತ ವ್ಯಾಪಾರವೆಂದೇ ಹೆಸರಿಟ್ಟರು. ಆದರೆ ಅಷ್ಟು ಎಣ್ಣೆಯನ್ನು ತೆಗೆದು ತೀರಕ್ಕೆ ಸಾಗಿಸಲು ದಹೋಮಿಯಂಥ ರಾಜ್ಯಗಳು ಒಳನಾಡಿನಲ್ಲಿ ಗುಲಾಮರನ್ನೇ ದುಡಿಸಿದವು. ದಾಸ್ಯವನ್ನು ಹೋಗಲಾಡಿಸಲೆಂದು ಹೊಗಳಿಸಿಕೊಂಡ ಸರಕು ದಾಸ್ಯದಿಂದಲೇ ತಯಾರಾಯಿತು. ಇಂಗ್ಲೆಂಡಿನ ಮಡದಿಯೊಬ್ಬಳು ಕೈತೊಳೆದುಕೊಂಡ ಸಾಬೂನಿನಲ್ಲಿ ಈ ಕಥೆಯ ವಾಸನೆ ಇರಲಿಲ್ಲ.

ಆ ಬಳಿಕ ಮರ ಪೂರ್ವಕ್ಕೆ ಪಯಣ ಮಾಡಿತು. 1848ರಲ್ಲಿ ಜಾವಾದ್ವೀಪದ ಬೋಗೋರ್ ಸಸ್ಯೋದ್ಯಾನದಲ್ಲಿ ನಾಲ್ಕು ಸಸಿ ನೆಟ್ಟರು. 1917ರಲ್ಲಿ ಮಲಯದಲ್ಲಿ ಮೊದಲ ವಾಣಿಜ್ಯ ತೋಟ ಎದ್ದಿತು. ಅಲ್ಲಿ ಬಹುಕಾಲ ಮರದ ಹೂವಿಗೆ ಪರಾಗವನ್ನು ಕೂಲಿಗಳು ಕೈಯಿಂದಲೇ ಹಾಕಬೇಕಾಗಿತ್ತು. ಕ್ಯಾಮರೂನಿನ ಒಂದು ಪುಟ್ಟ ಮೂತಿಹುಳುವನ್ನು 1981ರಲ್ಲಿ ತಂದು ಬಿಟ್ಟ ಮೇಲೆ ಆ ಕೆಲಸವನ್ನು ಹುಳುವೇ ಮಾಡತೊಡಗಿತು. ಇಳುವರಿ ಏರಿತು, ಬೆಲೆ ಇಳಿಯಿತು. ಭಾರತ 1994ರಲ್ಲಿ ಪಾಮೋಲಿನ್ ಆಮದನ್ನು ಖಾಸಗಿ ವ್ಯಾಪಾರಕ್ಕೆ ತೆರೆಯಿತು. ಅಲ್ಲಿಂದೀಚೆಗೆ ಚಳ್ಳಕೆರೆಯ ಅನೇಕ ಗಿರಣಿಗಳ ಬಾಗಿಲಿಗೆ ಬೀಗ ಬಿತ್ತು. ಅದಕ್ಕೆ ಮಳೆ, ರೋಗ, ಸಾಲ ಎಲ್ಲವೂ ಕಾರಣವೇ. ಆದರೆ ಅಗ್ಗದ ಎಣ್ಣೆ ಚಿಕ್ಕ ಕಾರಣವಲ್ಲ.

ಕೆರಿಬಿಯನ್ ಸಮುದ್ರದ ತೀರಕ್ಕೆ ಆ ಮರ ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ತೋಟವಾಗಿ ಮರಳಿ ಬಂತು. ಹೊಂಡುರಾಸ್ ದೇಶದಲ್ಲಿ ಬಾಹೋ ಅಗ್ವಾನ್ ಎಂಬ ಕಣಿವೆಯಿದೆ. ಭೂಸುಧಾರಣೆಯ ಕಾಲದಲ್ಲಿ ಬಡ ರೈತರ ಸಹಕಾರ ಸಂಘಗಳು ಅಲ್ಲಿ ಕಾಡು ಕಡಿದು ತಾಳೆ ನೆಟ್ಟವು. 1992ರ ಕಾನೂನು ಆ ಭೂಮಿಯನ್ನು ಮಾರಲು ದಾರಿ ಮಾಡಿತು. ಕೆಲವೇ ವರ್ಷಗಳಲ್ಲಿ ಬಹುಭಾಗ ಕೆಲವರ ಕೈಸೇರಿತು. ಭೂಮಿಯನ್ನು ಮರಳಿ ಕೇಳಿದವರಲ್ಲಿ 2009–10ರಿಂದೀಚೆಗೆ ನೂರಕ್ಕೂ ಹೆಚ್ಚು ಜನ ಕೊಲೆಯಾದರು. ಕೊಲಂಬಿಯದ ಕೆರಿಬಿಯನ್ ಪ್ರಾಂತದಲ್ಲಿ ಮಾರಿಯಾ ಲಾ ಬಾಹಾ ಎಂಬ ಕಡೆ ಭತ್ತ ಬೆಳೆಯುತ್ತಿದ್ದ ನೀರಾವರಿ ಬಯಲಿದೆ. ಶಸ್ತ್ರಧಾರಿಗಳ ಭಯಕ್ಕೆ ಜನ ಊರು ಬಿಟ್ಟ ಕಾಲದಲ್ಲಿ ಅಲ್ಲಿ ತಾಳೆ ಹಬ್ಬಿತು. ಹಿಂದಿರುಗಿದವರಿಗೆ ನೆಲವೂ ಕಡಮೆ, ಕುಡಿಯುವ ನೀರಿಗೂ ತಕರಾರು.

ಮರದ ಗುಣವೇ ಇದಕ್ಕೆ ಒಂದು ಕಾರಣವೆಂದು ನನಗೆ ತೋರುತ್ತದೆ. ತಾಳೆಯ ಗೊನೆಯನ್ನು ಕೊಯ್ದು ಒಂದೆರಡು ದಿನದೊಳಗೆ ಗಿರಣಿಗೆ ಮುಟ್ಟಿಸಬೇಕು. ತಡವಾದರೆ ಎಣ್ಣೆ ಕೆಡುತ್ತದೆ. ಆದ್ದರಿಂದ ಗಿರಣಿ ಯಾರದೋ ತೋಟದವನ ಜುಟ್ಟು ಅವನ ಕೈಯಲ್ಲಿ. ಕಡಲೆಕಾಯಿ ಹಾಗಲ್ಲ. ಒಣಗಿಸಿ ಮೂಟೆ ಕಟ್ಟಿ ನಡುಮನೆಯಲ್ಲಿ ಒಟ್ಟಬಹುದು. ಬೆಲೆ ಬರುವ ತನಕ ಕಾಯಬಹುದು. ಮುಂದಿನ ವರ್ಷದ ಬೀಜವನ್ನು ಎತ್ತಿಡಬಹುದು. ಸಾಲಗಾರ ಕಾಯದಿದ್ದರೆ ಅದು ಬೇರೆ ಮಾತು. ತಾಳೆಯನ್ನು ನೆಟ್ಟವನು ಇಪ್ಪತ್ತೈದು ವರ್ಷ ಅದಕ್ಕೆ ಕಟ್ಟುಬಿದ್ದ ಹಾಗೆ. ಕಡಲೆಕಾಯಿ ಬಿತ್ತಿದವನು ಮರುವರ್ಷ ರಾಗಿ ಬಿತ್ತಬಹುದು.

ಇಲ್ಲಿ ಓದುಗರು ನನ್ನನ್ನು ತಡೆದು ಕೇಳಬಹುದು: 'ನಮ್ಮ ಎಣ್ಣೆ ಬರುವುದು ಹೆಚ್ಚಾಗಿ ಇಂಡೋನೇಷ್ಯ, ಮಲೇಷ್ಯಗಳಿಂದ. ಹೊಂಡುರಾಸಿನ ಕೊಲೆಗೂ ನಮ್ಮ ಒಗ್ಗರಣೆಗೂ ಏನು ಸಂಬಂಧ?' ನ್ಯಾಯವಾದ ಮಾತು. ಆದರೆ ಲೋಕದ ಎಣ್ಣೆಯ ಪೇಟೆ ಒಂದೇ ಕೆರೆಯಿದ್ದಂತೆ. ಈ ತೂಬಿನಲ್ಲಿ ನೀರೆತ್ತಿದರೆ ಆ ದಡದಲ್ಲೂ ಮಟ್ಟ ಇಳಿಯುತ್ತದೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯ ಕೆಲವು ವಾರ ರಫ್ತು ನಿಲ್ಲಿಸಿದಾಗ ನಮ್ಮ ಬೀದಿಯ ಬೋಂಡದ ಅಂಗಡಿಯವನಿಗೂ ಅದರ ಬಿಸಿ ತಟ್ಟಿತಷ್ಟೆ. ಅವರ ನಿರ್ಧಾರ ನಮ್ಮನ್ನು ತಟ್ಟುವುದಾದರೆ ನಮ್ಮ ಹಸಿವೂ ಅವರನ್ನು ತಟ್ಟದೆ ಇರಲಾರದು. ಇಂಥ ಮನುಷ್ಯನನ್ನು ನಾನು ನೋಯಿಸಿದೆ ಎಂದು ಬೆರಳಿಟ್ಟು ತೋರಿಸಲು ಬಾರದು. ಯಾರನ್ನೂ ತಟ್ಟಲಿಲ್ಲ ಎನ್ನಲೂ ಬಾರದು. ಹಳೆಯ ನೀತಿಶಾಸ್ತ್ರಗಳು ಇಂಥ ಸಂಬಂಧಕ್ಕೆ ಸಿದ್ಧವಾಗಿರಲಿಲ್ಲ. ಅವುಗಳ ಕಾಲದಲ್ಲಿ ಕೊಂದವನು ಯಾರು, ಸತ್ತವನು ಯಾರು ಎಂಬುದು ಒಂದೇ ಊರಿನಲ್ಲಿ ಗೊತ್ತಾಗುತ್ತಿತ್ತು.

ಆದರೂ ಎಣ್ಣೆಯ ವಿಚಾರದಲ್ಲಿ ನಮ್ಮ ಹಿಂದಿನವರು ಪಾಪದ ಲೆಕ್ಕ ಬರೆಯದೆ ಬಿಟ್ಟಿರಲಿಲ್ಲ. ಮನುಸ್ಮೃತಿಯಲ್ಲಿ ಗಾಣವನ್ನು ಹಲವು ಕಸಾಯಿಖಾನೆಗಳಿಗೆ ಸಮನೆಂದು ಎಣಿಸಿದೆ. ಬೀಜದೊಡನೆ ಹುಳುಹುಪ್ಪಟೆ ಅರೆದುಹೋಗುತ್ತವೆ ಎಂಬುದು ಅದಕ್ಕೆ ಹೇಳುವ ಕಾರಣ. ಪಾಪ ಯಾರ ಹೆಸರಿಗೆ? ಗಾಣಿಗನ ಹೆಸರಿಗೆ. ಅದೇ ಎಣ್ಣೆಯಲ್ಲಿ ಕರಿದ ವಡೆಯನ್ನು ತಿಂದು, ಅದೇ ಎಣ್ಣೆಯಲ್ಲಿ ದೀಪ ಹಚ್ಚಿದವನಿಗೆ ಒಂದು ಕಾಸಿನಷ್ಟೂ ಪಾಪವಿಲ್ಲ! ಹಿಂಸೆಯನ್ನು ದುಡಿಯುವವನ ತಲೆಗೆ ಕಟ್ಟಿ, ಫಲವನ್ನು ತಾನು ಇಟ್ಟುಕೊಳ್ಳುವ ಈ ಲೆಕ್ಕ ಬಹಳ ಅನುಕೂಲವಾದದ್ದು. ಇಂದಿಗೂ ಅದು ಬದಲಾಗಿಲ್ಲ. ಕಾಡು ಸುಟ್ಟವನು ಇಂಡೋನೇಷ್ಯದವನು, ಭೂಮಿ ಕಿತ್ತುಕೊಂಡವನು ಹೊಂಡುರಾಸಿನವನು; ನಾನಾದರೋ ಬರಿಯ ಗಿರಾಕಿ.

ಈ ಲೆಕ್ಕವನ್ನು ತಿರುಗಿಸಿ ಬರೆದವರು ಶರಣರು. ಗಾಣದ ಕಣ್ಣಪ್ಪನನ್ನು ಅವರು ತಮ್ಮ ನಡುವೆ ಕೂರಿಸಿಕೊಂಡರು, ಗಾಣವನ್ನು ಕಾಯಕವೆಂದರು. ಜೊತೆಗೆ ತಿನ್ನುವವನ ಕಡೆಗೂ ಪ್ರಶ್ನೆಯನ್ನು ತಿರುಗಿಸಿದರು. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ; ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿ ಕದ್ದದ್ದಲ್ಲ, ಬಿದ್ದದ್ದು, ಪುಕ್ಕಟೆಯಾದದ್ದು. ಆದರೂ ಆಕೆ ಕೇಳಿದ್ದು, ಇದು ನಮಗೆ ಸಲ್ಲತಕ್ಕದ್ದೆ ಎಂದು. ಎಷ್ಟಕ್ಕೆ ಸಿಕ್ಕಿತು ಎಂದಲ್ಲ. ಅಗ್ಗವಾದದ್ದೆಲ್ಲ ನನ್ನದಾಗತಕ್ಕದ್ದು ಎಂಬ ನಂಬಿಕೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿಯದು.

ಇಂಥದೇ ಪ್ರಶ್ನೆ ಇಂಗ್ಲೆಂಡಿನಲ್ಲೂ ಒಮ್ಮೆ ಎದ್ದಿತ್ತು. 1791ರಲ್ಲಿ ಗುಲಾಮಿ ವ್ಯಾಪಾರದ ನಿಷೇಧವನ್ನು ಪಾರ್ಲಿಮೆಂಟು ತಳ್ಳಿಹಾಕಿದಾಗ ಜನ ಕೆರಿಬಿಯನ್ ದ್ವೀಪಗಳ ಸಕ್ಕರೆಯನ್ನು ಬಿಟ್ಟರು. ಹಾಗೆ ಬಿಟ್ಟವರು ಮೂರು ಲಕ್ಷದಷ್ಟಿರಬಹುದೆಂದು ಚಳವಳಿಯ ಮುಂದಾಳು ಕ್ಲಾರ್ಕ್‌ಸನ್ ಅಂದಾಜು ಮಾಡಿದ. ಓಟಿಲ್ಲದ ಹೆಂಗಸರು ಚಹದ ಬಟ್ಟಲಿನಲ್ಲಿ ಓಟು ಹಾಕಿದರು ಎನ್ನಬಹುದು. ಮುಂದಿನ ವರ್ಷಗಳಲ್ಲಿ ದಾಸರು ಮಾಡದ ಸಕ್ಕರೆ ಎಂದು ಬರೆದ ಬಟ್ಟಲುಗಳಲ್ಲಿ ಭಾರತದ ಸಕ್ಕರೆ ಅಲ್ಲಿ ಮೇಜಿಗೆ ಬಂತು. ನಮ್ಮ ದೇಶದಲ್ಲಿ ಆಗ ಕುಂಪಣಿ ಸರಕಾರ; ನಮ್ಮ ಬೆಳೆಗಾರನ ಬದುಕೇನು ಹಾಲುಜೇನಾಗಿತ್ತೆ? ಆ ಹೆಂಗಸರಿಗೆ ಅದು ತಿಳಿಯದು. ಹಾಗೆಂದು ಅವರು ಮಾಡಿದ್ದು ವ್ಯರ್ಥವೆಂದು ನಾನು ಹೇಳಲಾರೆ. ಒಬ್ಬರ ತ್ಯಾಗದಿಂದ ದ್ವೀಪದ ಒಬ್ಬ ದಾಸನೂ ಬಿಡುಗಡೆ ಹೊಂದಲಿಲ್ಲ. ಆದರೆ ಲಕ್ಷಾಂತರ ಮನೆಗಳಲ್ಲಿ ದಿನಕ್ಕೆರಡು ಸಲ ಆ ದಾಸನ ಮಾತು ಬಂತು. 1807ರ ಕಾನೂನಿಗೆ ನೆಲ ಹದವಾದದ್ದು ಹಾಗೆ. ನನ್ನೊಬ್ಬನಿಂದ ಏನಾದೀತು ಎನ್ನುವವರಿಗೆ ಇದೊಂದು ಸಮಾಧಾನ.

ಹಾಗಾದರೆ ತಾಳೆ ಎಣ್ಣೆಯನ್ನು ಬಿಟ್ಟುಬಿಡಿ ಎಂದು ಉಪದೇಶ ಮಾಡಿ ಮುಗಿಸಬಹುದೆ? ಅಷ್ಟು ಸುಲಭವಲ್ಲ. ತಾಳೆ ಒಂದು ಹೆಕ್ಟೇರಿಗೆ ಮೂರು ನಾಲ್ಕು ಟನ್ನು ಎಣ್ಣೆ ಕೊಡುತ್ತದೆ. ಒಣಭೂಮಿಯ ಕಡಲೆಕಾಯಿ ಅದರ ಹತ್ತರಲ್ಲೊಂದು ಪಾಲು ಕೊಟ್ಟರೆ ಹೆಚ್ಚು. ಲೋಕವೆಲ್ಲ ತಾಳೆಯನ್ನು ಬಿಟ್ಟು ಅಷ್ಟೇ ಎಣ್ಣೆಯನ್ನು ಬೇರೆ ಬೀಜಗಳಿಂದ ತೆಗೆಯಹೊರಟರೆ ಇನ್ನೆಷ್ಟೋ ಕಾಡು, ಇನ್ನೆಷ್ಟೋ ಹುಲ್ಲುಗಾವಲು ನೇಗಿಲಿಗೆ ಸಿಕ್ಕೀತು. ತಪ್ಪು ಮರದ್ದಲ್ಲ. ಇನ್ನು ಬಡವನ ಮಾತು. ಎಣ್ಣೆಯೇ ಕಾಣದ ಮನೆಗೆ ಪಡಿತರದ ತಾಳೆ ಎಣ್ಣೆ ಒಗ್ಗರಣೆಯ ಸದ್ದು ತಂದಿದೆ. ಆ ಸದ್ದನ್ನು ನಿಲ್ಲಿಸಿ ಎಂದು ಬೆಂಗಳೂರಿನಲ್ಲಿ ಕುಳಿತು ಬರೆಯುವುದು ನೀತಿಯಾಗಲಾರದು.

'ನಮ್ಮ ನೆಲದ್ದು' ಎಂಬ ಮಾತ್ರಕ್ಕೆ ಕಡಲೆಕಾಯಿ ಎಣ್ಣೆ ನಿರ್ಮಲವೆಂದೂ ಹೇಳಲಾರೆ. ಮೊದಲನೆಯದಾಗಿ ಅದೂ ನಮ್ಮದಲ್ಲ. ದಕ್ಷಿಣ ಅಮೆರಿಕದ ಗಿಡ, ಯುರೋಪಿನ ನಾವಿಕರ ಕೈಯಿಂದ ಲೋಕವನ್ನೆಲ್ಲ ಸುತ್ತಿ ಬಂದದ್ದು. ಕೆಲವು ತಲೆಮಾರು ನಮ್ಮ ಮಣ್ಣಿನಲ್ಲಿ ಬೆವರು ಹರಿಸಿದ ಮೇಲೆ ನಮ್ಮದಾಯಿತು. ಎರಡನೆಯದಾಗಿ, ಅದರ ಕಳೆ ತೆಗೆದ, ಕಿತ್ತ ಬಳ್ಳಿಯಿಂದ ಕಾಯಿ ಬಿಡಿಸಿದ ಕೂಲಿ ಹೆಂಗಸಿಗೆ ಎಷ್ಟು ಸಂದಿದೆ ಎಂಬ ಪ್ರಶ್ನೆ ನನ್ನ ಮಾವನವರ ಜಗಲಿಯ ಮೇಲೂ ಕೇಳಬೇಕಾದದ್ದೇ. ದೂರದ ಅನ್ಯಾಯವನ್ನು ಕುರಿತು ಮರುಗುವುದು ಹತ್ತಿರದ ಅನ್ಯಾಯವನ್ನು ಕಾಣದಿರಲು ಒಳ್ಳೆಯ ಉಪಾಯ.

ಪಾವಗಡದಲ್ಲಿಯೇ ನೋಡಿ. ತಿರುಮಣಿಯ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಈಗ ಸೌರವಿದ್ಯುತ್ತಿನ ಫಲಕಗಳು ಬೆಳೆದು ನಿಂತಿವೆ. 2018ರಲ್ಲಿ ಅದರ ಉದ್ಘಾಟನೆಯಾಯಿತು. ರೈತರ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆಯ ಜೂಜಿನಲ್ಲಿ ಸೋತು ಸುಣ್ಣವಾಗಿದ್ದವರಿಗೆ ಅದು ತಪ್ಪದೆ ಬರುವ ಬೆಳೆ; ಅವರು ಒಪ್ಪಿದ್ದನ್ನು ಯಾರೂ ತಪ್ಪೆನ್ನಲಾಗದು. ಆದರೆ ಗುತ್ತಿಗೆಯ ಹಣ ಬರುವುದು ಭೂಮಿಯಿದ್ದವನಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವಳಿಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಪತ್ರದಲ್ಲಿ ಹೆಸರಿಲ್ಲ. ಬೆಂಗಳೂರಿನಲ್ಲಿ ಗುಂಡಿ ಒತ್ತಿ ದೀಪ ಹಚ್ಚುವ ನನಗೆ ಆ ವಿದ್ಯುತ್ತೂ ಎಣ್ಣೆಯ ಹಾಗೆಯೇ ಬರುತ್ತದೆ; ಮೂಲದ ವಿಳಾಸವಿಲ್ಲದೆ.

ಹೀಗೆ ಎಲ್ಲ ದಾರಿಗಳಲ್ಲೂ ಮುಳ್ಳಿದ್ದರೆ ನಡೆಯುವುದು ಹೇಗೆ? ಇದಕ್ಕೆ ನನಗೆ ತೋರುವ ಉತ್ತರ, ಪಾಪ ಮತ್ತು ಋಣ ಎಂಬ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದರಲ್ಲಿದೆ. ಪಾಪಕ್ಕೆ ತಿಳಿವಳಿಕೆ ಬೇಕು, ಇಚ್ಛೆ ಬೇಕು. ತಿಳಿಯದೆ, ಗತಿಯಿಲ್ಲದೆ ಒಂದು ಪಾಕೀಟು ಎಣ್ಣೆ ಕೊಂಡವಳನ್ನು ಪಾಪಿಯೆನ್ನುವವನು ತಾನೇ ಪಾಪಿ. ಋಣಕ್ಕೆ ಅದೊಂದೂ ಬೇಡ. ಮಗು ಹುಟ್ಟುವಾಗಲೇ ಋಣ ಹೊತ್ತು ಹುಟ್ಟುತ್ತದೆ ಎಂದು ನಮ್ಮವರು ಹೇಳಿದ್ದು ಅದನ್ನು ಬಯ್ಯಲಿಕ್ಕಲ್ಲ. ಪಡೆದದ್ದನ್ನು ಮರೆಯದಿರಲಿ ಎಂದು. ಪಾಪಿಯೆಂದು ಅನ್ನಿಸಿಕೊಂಡವನು ಒಂದೋ ಸಿಟ್ಟಾಗುತ್ತಾನೆ, ಇಲ್ಲವೆ ಕುಗ್ಗುತ್ತಾನೆ. ಎರಡರಿಂದಲೂ ಹೊಂಡುರಾಸಿನವನಿಗಾಗಲಿ ಮಿಡಿಗೇಶಿಯವನಿಗಾಗಲಿ ಉಪಯೋಗವಿಲ್ಲ. ಸಾಲಗಾರನಾದರೋ ಎಷ್ಟು ಸಾಲ, ಯಾರಿಗೆ ಎಂದು ಕೇಳುತ್ತಾನೆ, ಆದಷ್ಟು ತೀರಿಸುತ್ತಾನೆ. ಪೂರ್ತಿ ತೀರಿಸಲಾರೆ ಎಂಬ ಕಾರಣಕ್ಕೆ ಸ್ವಲ್ಪವನ್ನೂ ಕೊಡದಿರುವವನನ್ನು ನಾವು ಯಾರೂ ಮೆಚ್ಚುವುದಿಲ್ಲ.

ಎರಡನೆಯ ಮಾತು: ಋಣ ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ. ಗತಿಯಿಲ್ಲದೆ ತಿನ್ನುವವನಿಗೂ ಗತಿಯಿದ್ದು ತಿನ್ನುವವನಿಗೂ ವ್ಯತ್ಯಾಸವಿದೆಯೆಂದು ಸೋದರಮಾವ ನಕ್ಕು ಹೇಳಿದ್ದು ಬರಿಯ ಹಾಸ್ಯವಲ್ಲ. ಆಯ್ಕೆ ಯಾರಿಗುಂಟೋ ಹೊರೆಯೂ ಅವರಿಗೆ. ಇದು ಮಧ್ಯಮವರ್ಗದವರಾದ ನಮಗೆ ಹಿತವಾದ ತೀರ್ಮಾನವಲ್ಲ. ನಾವು ಬಡವರ ಹೆಸರು ಹೇಳಿ ಅಗ್ಗವನ್ನು ಕೇಳುತ್ತೇವೆ, ಆಮೇಲೆ ಆ ಅಗ್ಗದಲ್ಲಿ ದೊಡ್ಡ ಪಾಲನ್ನು ನಾವೇ ಉಣ್ಣುತ್ತೇವೆ. ಆರೋಗ್ಯ ತಜ್ಞರು ಒಬ್ಬರಿಗೆ ವರ್ಷಕ್ಕೆ ಸುಮಾರು 12 ಕಿಲೋ ಎಣ್ಣೆ ಸಾಕೆನ್ನುತ್ತಾರೆ. ದೇಶದ ಸರಾಸರಿ ಈಗ 19 ಕಿಲೋ ದಾಟಿದೆ. ಸರಾಸರಿಯೆಂದರೆ ನನ್ನ ಮಾವನವರ ಮನೆಯ ಒಗ್ಗರಣೆಯ ಚಮಚವೂ, ನಮ್ಮ ಬಡಾವಣೆಯ ಬೇಕರಿಯ ಬಾಣಲೆಯೂ ಸೇರಿದ್ದು. ಬಿಸ್ಕತ್ತು, ಚಿಪ್ಸು, ಸಾಬೂನುಗಳಲ್ಲಿ ಅಡಗಿ ಬರುವ ತಾಳೆಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸರಕಾರದ ಕೈಯಲ್ಲಿ ಸುಂಕವೆಂಬ ಒಂದು ತಕ್ಕಡಿಯಿದೆ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಗಳ ಮೇಲೆ ಮೂಲ ಸುಂಕವನ್ನು 20 ಶೇಕಡಕ್ಕೆ ಏರಿಸಿದರು; ಎಣ್ಣೆಬೀಜದ ರೈತನಿಗೆ ಆಸರೆಯಾಗಲಿ ಎಂದು. 2025ರ ಮೇ ತಿಂಗಳಲ್ಲಿ ಅದನ್ನು 10ಕ್ಕೆ ಇಳಿಸಿದರು. ಕೊಳ್ಳುವವನಿಗೆ ಹಗುರವಾಗಲಿ ಎಂದು. ತಕ್ಕಡಿ ಹೀಗೆ ತೂಗಾಡಿದಾಗಲೆಲ್ಲ ಪೇಟೆಯಲ್ಲಿ ಗದ್ದಲ ಕೇಳಿಸುವುದು ಬೆಲೆ ಏರಿದಾಗ ಮಾತ್ರ. ಇಳಿದಾಗ ಕಡಲೆಕಾಯಿಯವನು ಅತ್ತದ್ದು ಪತ್ರಿಕೆಯ ಒಳಪುಟಕ್ಕೂ ಬರುವುದಿಲ್ಲ. ಸುಂಕ ಏರಿಸಿ, ಬಡವನಿಗೆ ಪಡಿತರದಲ್ಲಿ ಅಗ್ಗದ ಎಣ್ಣೆ ಕೊಟ್ಟು, ಉಳಿದವರು ಹೆಚ್ಚು ತೆತ್ತರೆ ಎರಡು ಕಡೆಯೂ ಸ್ವಲ್ಪ ನ್ಯಾಯವಾದೀತು. ಇದಕ್ಕೆ ಅಡ್ಡ ಬರುವವರು ಬಡವರಲ್ಲ, ನಾವು.

ಇನ್ನೊಂದು ದಾರಿ, ತಾಳೆಯನ್ನು ನಾವೇ ಬೆಳೆಯುವುದು. 2021ರಲ್ಲಿ ಕೇಂದ್ರ ಸರಕಾರ ಅದಕ್ಕಾಗಿ 11,040 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈಶಾನ್ಯದ ಗುಡ್ಡಗಳ ಮೇಲೂ ಅಂಡಮಾನಿನ ಮೇಲೂ ವಿಶೇಷ ಕಣ್ಣಿಟ್ಟಿತು. ಪರದೇಶಕ್ಕೆ ಹೋಗುವ ಹಣ ಉಳಿಯುವುದು ಒಳ್ಳೆಯದೇ. ಆದರೆ ಬೇರೆ ದೇಶದ ಕಾಡನ್ನು ಕುರಿತು ಕೇಳುವ ಪ್ರಶ್ನೆಯನ್ನು ನಮ್ಮ ಕಾಡನ್ನು ಕುರಿತು ಕೇಳದಿದ್ದರೆ, ಋಣ ಮನೆಯೊಳಗೇ ಬಂದು ಕೂತ ಹಾಗಾಯಿತು. ಅತ್ತ ಮಿಡಿಗೇಶಿಯಂಥ ಒಣಸೀಮೆಗೆ ದಿನಕ್ಕೆ ಮರವೊಂದಕ್ಕೆ ಇನ್ನೂರು ಲೀಟರಿನಷ್ಟು ನೀರು ಕೇಳುವ ಈ ಬೆಳೆಯಿಂದ ಏನೂ ಆಗಬೇಕಾದ್ದಿಲ್ಲ. ಅಲ್ಲಿಯವರಿಗೆ ಬೇಕಾದದ್ದು ತಾವು ಬಲ್ಲ ಬೀಜಕ್ಕೆ ಒಂದು ನಂಬುವಂಥ ಬೆಲೆ.

ನಾನು ಈಚೆಗೆ ನಮ್ಮ ಬೀದಿಯ ಹತ್ತಿರದ ಗಾಣದಿಂದ ಕಡಲೆಕಾಯಿ ಎಣ್ಣೆ ತರುತ್ತೇನೆ; ತಿಂಗಳಿಗೆ ಮೊದಲು ತರುತ್ತಿದ್ದುದಕ್ಕಿಂತ ಕಡಮೆ. ಬೆಲೆ ಹೆಚ್ಚಾದ್ದರಿಂದ ಮನೆಯಲ್ಲಿ ಕರಿದ ತಿಂಡಿ ಹಬ್ಬಕ್ಕೆ ಮಾತ್ರ ಉಳಿದುಕೊಂಡಿದೆ. ಇದರಿಂದ ಲೋಕ ಉದ್ಧಾರವಾಯಿತೆಂದು ನನಗೆ ಭ್ರಮೆಯಿಲ್ಲ. ಆ ಗಾಣದವನು ತರುವ ಬೀಜ ಯಾರ ಹೊಲದ್ದು, ಅದನ್ನು ಬಿಡಿಸಿದವಳಿಗೆ ಏನು ಸಿಕ್ಕಿತು ಎಂದು ವಿಚಾರಿಸಿದೆ. ಅರ್ಧಕ್ಕೆ ಉತ್ತರ ಸಿಕ್ಕಿತು, ಅರ್ಧಕ್ಕೆ ಸಿಗಲಿಲ್ಲ. ಕೇಳಿದಾಗ ಆತ ಮೊದಲು ಅನುಮಾನದಿಂದ ನೋಡಿದ. ಎರಡನೆಯ ತಿಂಗಳು, ಕೇಳುವ ಮೊದಲೇ, ಈ ಸಲದ ಬೀಜ ಪಾವಗಡದ ಕಡೆಯದೆಂದೂ, ಅಲ್ಲಿ ಮಳೆ ಕೈಕೊಟ್ಟಿದೆಯೆಂದೂ, ಬೆಲೆ ಹತ್ತು ರೂಪಾಯಿ ಏರಿಸಬೇಕಾಗಿದೆಯೆಂದೂ ಹೇಳಿದ. ಕೊಟ್ಟೆ. ಆ ಹತ್ತು ರೂಪಾಯಿಯಲ್ಲಿ ಎಷ್ಟು ಪಾವಗಡ ತಲುಪುತ್ತದೋ ವಿಚಾರಿಸಬೇಕಾಗಿದೆ.